ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಮತ್ತು ಕನ್ನಂಬಾಡಿ

ಶಾಲಾ ಪ್ರವಾಸದಲ್ಲಿ ನೀವು ಕೆ.ಆರ್.ಎಸ್.ನ ಬೃಂದಾವನ ನೋಡಿರುತ್ತೀರಿ. ಆ ಉದ್ಯಾನವನ್ನು ಮಾಡಿಸಿದವರು ಮೈಸೂರಿನ ದಿವಾನರಾಗಿದ್ದ ಮರ್ಹೂಮ್ ಸರ್ ಮಿರ್ಜಾ ಇಸ್ಮಾಯಿಲ್ ಸಾಹೇಬರೆಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅವರು 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಾತ ಅಲಿ ಅಸ್ಕರ್ ಇರಾನಿನಿಂದ ಕುದುರೆ ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ನೆಲೆಸಿದವರು. ಬಾಲಕ ಮಿರ್ಜಾ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದರು. 1905ರಲ್ಲಿ ಪದವಿ ಪಡೆದು ಸರ್ಕಾರಿ ಸೇವೆಗೆ ಸೇರಿದರು. ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, 1926ರಿಂದ 1941ರವರೆಗೆ ದಿವಾನರಾಗಿ ದುಡಿದರು. ಬೆಳಗಾದರೆ ಊರು ಸುತ್ತಿ ರಸ್ತೆ, ಚರಂಡಿ, ದೀಪಗಳನ್ನು ತಾವೇ ನೋಡಿಬರುತ್ತಿದ್ದರೆಂದು ಹಿರಿಯರು ಹೇಳುತ್ತಾರೆ.

ವಿಶ್ವೇಶ್ವರಯ್ಯನವರ ಯೋಜನೆಯಂತೆ 1911ರಲ್ಲಿ ಆರಂಭವಾಗಿದ್ದ ಅಣೆಕಟ್ಟೆ ಪೂರ್ಣಗೊಂಡದ್ದು ಮಿರ್ಜಾ ಅವರ ಕಾಲದಲ್ಲಿ. ಕಟ್ಟೆಯ ಕೆಳಗೆ 1927ರಲ್ಲಿ ತೋಟದ ಕೆಲಸ ಶುರುವಾಗಿ 1932ರಲ್ಲಿ ಮುಗಿಯಿತು. ಜರ್ಮನಿಯ ಕ್ರುಂಬಿಗಲ್ ಅದರ ವಿನ್ಯಾಸಕರು. ನಾಲೆಯ ನೀರು ಹರಿದು ಮಂಡ್ಯದ ಒಣನೆಲ ಕಬ್ಬಿನ ಗದ್ದೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯೂ ಆಯಿತು.

ಇಷ್ಟನ್ನು ನಾವು ಶಿಕ್ಷಕರು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಕಟ್ಟೆಯ ಆಚೆ ಬದಿಯ ಮಾತು ಬಂದಾಗ ಗಂಟೆ ಹೊಡೆದುಬಿಡುತ್ತದೆ! ಅಲ್ಲಿ ನೀರಿನಡಿ ಹಳೆಯ ಕನ್ನಂಬಾಡಿ ಇದೆ. ಮನೆ, ಹೊಲ, ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲವನ್ನೂ ಬಿಟ್ಟು ಜನ ಎದ್ದು ಹೋಗಬೇಕಾಯಿತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ನೀರಿನಿಂದ ಮೇಲೆ ಕಾಣುತ್ತಿತ್ತು. ಈಗ ಅದರ ಕಲ್ಲುಗಳನ್ನು ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಗಿದೆ.

ನ್ಯಾಯವಾಗಿ ಹೇಳಬೇಕೆಂದರೆ, ಊರು ಮುಳುಗಿಸುವ ತೀರ್ಮಾನ ಮಿರ್ಜಾ ಅವರದಲ್ಲ. ಅವರು ದಿವಾನರಾಗುವ ಮೊದಲೇ ಅದು ಆಗಿತ್ತು. ಆದರೆ ಜಗತ್ತೆಲ್ಲ ಬಂದು ನೋಡುವಂತೆ ದೀಪ ಹಚ್ಚಿದವರು ಅವರು. ಆ ಬೆಳಕಿನಲ್ಲಿ ಕನ್ನಂಬಾಡಿ ಕಾಣದಾಯಿತು.

ಅಮೆರಿಕದಲ್ಲಿಯೂ ಇಂಥದೇ ಒಂದು ಊರಿತ್ತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಇರುವ ಜಾಗದಲ್ಲಿ ಸೆನೆಕಾ ವಿಲೇಜ್ ಎಂಬ ವಸತಿಯಿತ್ತು. ಸುಮಾರು 225 ಜನರಲ್ಲಿ ಹೆಚ್ಚಿನವರು ಕಪ್ಪು ವರ್ಣದವರು. ಸ್ವಂತ ಮನೆ, ಚರ್ಚು, ಶಾಲೆ ಎಲ್ಲ ಇದ್ದರೂ ಅವರನ್ನು ಗುಡಿಸಲು ಹಾಕಿಕೊಂಡ ಅಲೆಮಾರಿಗಳೆಂದು ಪತ್ರಿಕೆಗಳು ಹೀಯಾಳಿಸಿದವು. 1857ರಲ್ಲಿ ಊರನ್ನೇ ತೆರವು ಮಾಡಲಾಯಿತು. ನಮ್ಮಲ್ಲಿ ಯಾರ ಮೈಬಣ್ಣವನ್ನೂ ನೋಡಲಿಲ್ಲ, ನದಿಯ ತಗ್ಗು ನೋಡಿ ಕಟ್ಟೆ ಕಟ್ಟಿದರು. ಈ ವ್ಯತ್ಯಾಸ ದೊಡ್ಡದು. ಆದರೂ ಎರಡೂ ಕಡೆ ತೋಟ ನೋಡಲು ಬಂದವರು ಊರನ್ನು ಕೇಳಲಿಲ್ಲ.

ಮಿರ್ಜಾ ಸಾಹೇಬರು ನಂತರ ಜೈಪುರದ ಪ್ರಧಾನಿಯಾಗಿ ಆ ನಗರವನ್ನು ತಿದ್ದಿದರು. ಅಲ್ಲಿನ ಮುಖ್ಯ ರಸ್ತೆಗೆ ಇಂದಿಗೂ ಅವರದೇ ಹೆಸರು. ಹೈದರಾಬಾದಿನಲ್ಲಿಯೂ ಸ್ವಲ್ಪ ಕಾಲ ಪ್ರಧಾನಿಯಾಗಿದ್ದು, 1959ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಮುಂದಿನ ಪ್ರವಾಸದಲ್ಲಿ ಕಾರಂಜಿಗೆ ಮೊದಲು ನಮ್ಮ ಬಸ್ಸನ್ನು ಹೊಸ ಕನ್ನಂಬಾಡಿಗೆ ಒಯ್ಯಬೇಕೆಂದಿದ್ದೇನೆ.