ಕಾಳಿಗೆ ಕಲ್ಲು ನಿಲ್ಲಿಸಿದ ಮಣಲೇರ

ಘೋಡಬಂದರ್ ರಸ್ತೆಯ ವಸತಿ ಸಂಕೀರ್ಣಗಳಲ್ಲಿ ನೆಲೆಸಿರುವ ನಮ್ಮ ಹಲವು ಕುಟುಂಬಗಳಲ್ಲಿ ನಾಯಿಯೂ ಮನೆಯ ಸದಸ್ಯನೇ. ಅದು ಅಗಲಿದಾಗ, ನಾಯಿಗಾಗಿ ಅಳುವುದೇ ಎಂದು ಸಂಕೋಚಪಡುವ ನಾವು ಮಣಲೇರನನ್ನು ಸ್ಮರಿಸಬೇಕು.

ಸಗರ ವಂಶದ ಮಣಲೇರನು ಗಂಗ ದೊರೆ ಇಮ್ಮಡಿ ಬೂತುಗನ ನೆಚ್ಚಿನ ವೀರ. ಕ್ರಿ.ಶ. 949ರ ಸುಮಾರಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ತಕ್ಕೋಲದಲ್ಲಿ ಚೋಳರೊಡನೆ ನಡೆದ ಯುದ್ಧದಲ್ಲಿ ಆತನು ಪರಾಕ್ರಮ ಮೆರೆದನು. ಮೆಚ್ಚಿದ ದೊರೆ ಬೇಕಾದುದನ್ನು ಕೇಳೆಂದಾಗ ಆತನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿಯು ದೊಡ್ಡ ಹಂದಿಯೊಡನೆ ಸೆಣಸಿತು, ಎರಡೂ ಮಡಿದವು.

ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಮಣಲೇರನು ಕಾಳಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಕಲ್ಲನ್ನು ಪೂಜಿಸದೆ ಉಂಡ ಅರ್ಚಕನಿಗೆ ಪಾಪವೆಂಬ ಕಟ್ಟಳೆಯನ್ನೂ ಕೆತ್ತಿಸಲಾಯಿತು. ನಾಯಿ-ಹಂದಿಯರ ಕಾಳಗದ ಶಿಲ್ಪವುಳ್ಳ ಆ ಶಾಸನವು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ.

ರಣರಂಗ ಕಂಡ ವೀರನೂ ಅಗಲಿದ ನಾಯಿಯನ್ನು ಮರೆಯಲೆತ್ನಿಸಲಿಲ್ಲ. ಅದರ ನೆನಪಿಗೆ ಒಂದು ಸ್ಥಳವನ್ನೂ ನಿತ್ಯದ ಕರ್ತವ್ಯವನ್ನೂ ಕೊಟ್ಟನು. ಕಲ್ಲು ನಿಲ್ಲಿಸಲು ನಮಗೆ ಅಂಗಳವಿಲ್ಲದಿರಬಹುದು. ಬಾಲ್ಕನಿಯ ಕುಂಡದಲ್ಲಿ ಅದರ ಹೆಸರಿನಲ್ಲೊಂದು ಗಿಡ ನೆಟ್ಟು, ಮಕ್ಕಳ ಕೈಯಿಂದ ದಿನವೂ ನೀರೆರೆಸಬಹುದಲ್ಲವೇ?