ಸುಂಕದ ಕಟ್ಟೆಗಳ ನಡುವೆ ಒಬ್ಬ ವಜ್ರದ ವ್ಯಾಪಾರಿ

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ರಫ್ತು ವಿಧಾನದ ಪಾಠ ಬರುತ್ತದೆ. ಪ್ರೊಫಾರ್ಮಾ ಇನ್‌ವಾಯ್ಸ್, ಪರವಾನಗಿ, ಮೂಲ ಪ್ರಮಾಣಪತ್ರ, ಶಿಪ್ಪಿಂಗ್ ಬಿಲ್ ಎಂದು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನವರ ಕಣ್ಣು ಗಡಿಯಾರದ ಮೇಲಿರುತ್ತದೆ. ಅವರನ್ನು ದೂರಲಾರೆ. ಆದರೆ ಆ ಕಾಗದಗಳ ಹಿಂದೆ ಮನುಷ್ಯರಿದ್ದಾರೆ, ಅವರ ದುಡ್ಡು, ಭಯ, ಆಸೆ ಎಲ್ಲವೂ ಇದೆ. ಅದನ್ನು ತೋರಿಸಲು ನಾನು ತರಗತಿಯಲ್ಲಿ ಹೇಳುವ ಒಬ್ಬ ವ್ಯಾಪಾರಿಯ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ. ಇತಿಹಾಸ ಓದುವವರು ಅವನ ಹೆಸರನ್ನು ವಿದೇಶಿ ಪ್ರವಾಸಿಗರ ಪಟ್ಟಿಯಲ್ಲಿ ಕಂಠಪಾಠ ಮಾಡಿರುತ್ತಾರೆ: ಜಾನ್ ಬ್ಯಾಪ್ಟಿಸ್ಟ್ ಟಾವೆರ್ನಿಯರ್.

ಅವನು ಹುಟ್ಟಿದ್ದು 1605ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಭೂಪಟಗಳ ವ್ಯಾಪಾರಿ. ಮನೆಗೆ ಬಂದವರೆಲ್ಲ ನಕಾಶೆ ಹರಡಿಕೊಂಡು ದೂರದ ಊರುಗಳ ಮಾತಾಡುತ್ತಿದ್ದರು. ಹುಡುಗನಿಗೆ ಕಾಲು ನಿಲ್ಲಲಿಲ್ಲ. ಇಪ್ಪತ್ತೆರಡರ ಹೊತ್ತಿಗೆ ಯುರೋಪಿನ ಹೆಚ್ಚಿನ ದೇಶಗಳನ್ನು ಸುತ್ತಿ ಮುಗಿಸಿದ್ದ. 1631ರಲ್ಲಿ ಮೊದಲ ಸಲ ಪೂರ್ವಕ್ಕೆ ಹೊರಟು ಇರಾನಿನ ಇಸ್ಫಹಾನ್‌ವರೆಗೆ ಬಂದ. ಅಲ್ಲಿಂದ 1668ರವರೆಗೆ ಒಟ್ಟು ಆರು ಯಾತ್ರೆ. ಎರಡನೆಯದರಲ್ಲಿ ಆಗ್ರಾ, ಗೋಲ್ಕೊಂಡ, ಮೂರನೆಯದರಲ್ಲಿ ಜಾವಾದವರೆಗೆ. ತಂದದ್ದು ಮುತ್ತು ಮತ್ತು ಯುರೋಪಿನ ಆಭರಣ, ಒಯ್ದದ್ದು ವಜ್ರ.

ಆಗ ಜಗತ್ತಿಗೆ ವಜ್ರ ಸಿಗುತ್ತಿದ್ದುದು ಹೆಚ್ಚಾಗಿ ನಮ್ಮ ದೇಶದಲ್ಲೇ, ಅದರಲ್ಲೂ ದಖ್ಖನಿನಲ್ಲಿ. ಟಾವೆರ್ನಿಯರ್ ರಾವೋಲ್‌ಕೊಂಡ ಎಂದು ಕರೆಯುವ ಗಣಿ ಬಿಜಾಪುರದ ಆದಿಲ್‌ಶಾಹಿಗಳಿಗೆ ಸೇರಿತ್ತು. ಕರ್ನೂಲಿನ ಹತ್ತಿರದ ರಾಮಳ್ಳಕೋಟವೇ ಅದು ಎಂದು ಅವನ ಪುಸ್ತಕವನ್ನು ಇಂಗ್ಲಿಷಿಗೆ ತಂದ ವ್ಯಾಲೆಂಟೈನ್ ಬಾಲ್ ಗುರುತಿಸಿದ್ದಾನೆ. ಇನ್ನೊಂದು ಕೃಷ್ಣಾ ತೀರದ ಕೊಲ್ಲೂರು, ಗೋಲ್ಕೊಂಡದ ಕುತುಬ್‌ಶಾಹಿಗಳದು. (ನಮ್ಮ ಉಡುಪಿ ಜಿಲ್ಲೆಯ ಕೊಲ್ಲೂರಲ್ಲ. ಆ ಊರಿನ ಜಾಗ ಈಗ ಪುಲಿಚಿಂತಲ ಜಲಾಶಯದ ನೀರಿನಡಿ ಇದೆ.)

ಗಣಿಗೆ ಹೋದ ಕೂಡಲೇ ಕಲ್ಲು ಕೊಳ್ಳುವಂತಿರಲಿಲ್ಲ. ಮೊದಲು ಗಣಿಯ ಅಧಿಕಾರಿಯನ್ನು ಕಾಣಬೇಕು. ರಾವೋಲ್‌ಕೊಂಡದ ಅಧಿಕಾರಿ ಟಾವೆರ್ನಿಯರ್‌ನನ್ನು ಆದರದಿಂದ ಬರಮಾಡಿಕೊಂಡು, ಅವನ ಚಿನ್ನಕ್ಕೆ ಕಾವಲು ಕೊಟ್ಟು, ರಾಜನಿಗೆ ಸಲ್ಲಬೇಕಾದ ಪಾಲನ್ನು ಮಾತ್ರ ತಪ್ಪಿಸಬೇಡ ಎಂದು ಎಚ್ಚರಿಸಿದ. ಆ ಪಾಲು ಪ್ರತಿ ಖರೀದಿಯ ಮೇಲೆ ಶೇಕಡಾ 2. ಅಗೆಯಿಸುವ ವರ್ತಕರಿಗೆ ಬೇರೆ ತೆರಿಗೆ: 50 ಆಳುಗಳಿದ್ದರೆ ದಿನಕ್ಕೆ 2 ವರಹ, 100 ಇದ್ದರೆ 4. ಕಲ್ಲು ಸಿಗಲಿ ಬಿಡಲಿ, ವರಹ ಎಣಿಸಲೇಬೇಕು. ತೂಕದಲ್ಲೂ ಕಣ್ಣಿಡಬೇಕಿತ್ತು. ಮಂಗೆಲಿನ್ ಎಂಬ ತೂಕ ಗಣಿಯಲ್ಲಿ ಒಂದೂಮುಕ್ಕಾಲು ಕ್ಯಾರೆಟ್. ಅದೇ ಹೆಸರಿನ ತೂಕ ಗೋಲ್ಕೊಂಡ ಪಟ್ಟಣದಲ್ಲಿ ಒಂದೂವರೆಗಿಂತಲೂ ಕಡಿಮೆ. ಇದು ತಿಳಿಯದೆ ಲೆಕ್ಕ ಹಾಕಿದವನು ಮುಳುಗಿದಂತೆಯೇ.

ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯೇ ಇರಲಿಲ್ಲ. ಇಬ್ಬರು ಎದುರುಬದುರು ಕೂತು, ಸೊಂಟದ ವಸ್ತ್ರದಡಿ ಕೈ ಹಿಡಿಯುತ್ತಿದ್ದರು. ಇಡೀ ಕೈ ಹಿಡಿದರೆ 1000, ಐದು ಬೆರಳು ಒತ್ತಿದರೆ 500, ಒಂದು ಬೆರಳಿಗೆ 100, ಅರ್ಧ ಬೆರಳಿಗೆ 50, ತುದಿಗೆ 10. ಸುತ್ತ ಹತ್ತು ಜನ ನಿಂತಿದ್ದರೂ ವ್ಯಾಪಾರ ಎಷ್ಟಕ್ಕೆ ಕುದುರಿತೆಂದು ಯಾರಿಗೂ ಗೊತ್ತಾಗದು. ಕುದುರಿದ ಮೇಲೆ ಶರಾಫರ ಮೇಲೆ ಚೀಟಿ. ಮಾತಾಡಿದ ದಿನ ದಾಟಿದರೆ ತಿಂಗಳಿಗೆ ಶೇಕಡಾ ಒಂದೂವರೆ ಬಡ್ಡಿ.

ನನಗೆ ತುಂಬ ಹಿಡಿಸಿದ್ದು ಅಲ್ಲಿನ ಹುಡುಗರ ಸಂಗತಿ. ನಮ್ಮ ಪಿಯು ಮಕ್ಕಳಿಗಿಂತ ಚಿಕ್ಕವರು, ಹತ್ತರಿಂದ ಹದಿನೈದು ಹದಿನಾರರ ಒಳಗಿನವರು. ಬೆಳಿಗ್ಗೆ ಒಂದು ದೊಡ್ಡ ಮರದ ಕೆಳಗೆ ಬಂದು ಕೂರುತ್ತಿದ್ದರು. ಒಂದು ಕಡೆ ತೂಕದ ಕಲ್ಲುಗಳ ಚೀಲ, ಇನ್ನೊಂದು ಕಡೆ ವರಹದ ಚೀಲ. ಕೆಲವರಲ್ಲಿ ಐದಾರು ನೂರು ವರಹ. ಯಾರಾದರೂ ವಜ್ರ ತಂದರೆ ಅದು ಮೊದಲು ಎಲ್ಲರಿಗಿಂತ ದೊಡ್ಡವನ ಕೈಗೆ. ಅವನು ನೋಡಿ ಪಕ್ಕದವನಿಗೆ ದಾಟಿಸಿದರೆ, ಒಬ್ಬರೂ ತುಟಿ ಬಿಚ್ಚದೆ ಸುತ್ತು ಬಂದು ಮತ್ತೆ ಅವನ ಕೈ ಸೇರುತ್ತಿತ್ತು. ಆಮೇಲೆ ಬೆಲೆಯ ಮಾತು. ಹೆಚ್ಚು ಬೆಲೆ ಕೊಟ್ಟು ಕೊಂಡರೆ ನಷ್ಟ ಅವನದೇ ತಲೆಗೆ. ಸಂಜೆ ಎಲ್ಲ ಕಲ್ಲುಗಳನ್ನು ವಿಂಗಡಿಸಿ ದೊಡ್ಡ ವರ್ತಕರಿಗೆ ಮಾರಿ ಲಾಭ ಹಂಚಿಕೊಳ್ಳುತ್ತಿದ್ದರು. ಮುಂದಾಳಿಗೆ ಕಾಲು ಶೇಕಡಾ ಹೆಚ್ಚು. ಪಾಲುದಾರಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಪುಟಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಮಣ್ಣು ಅಗೆದು, ತೊಳೆದು, ಜಾಲಾಡುವವನಿಗೆ ವರ್ಷಕ್ಕೆ 3 ವರಹ. ತಿಂಗಳಿಗಲ್ಲ, ವರ್ಷಕ್ಕೆ. ಹಾಗಾಗಿ ಅವರು ಆಗಾಗ ಕಲ್ಲು ನುಂಗುತ್ತಿದ್ದರು. ಒಬ್ಬನಂತೂ ಎರಡು ಕ್ಯಾರೆಟ್ಟಿನ ಕಲ್ಲನ್ನು ಕಣ್ಣಿನ ಮೂಲೆಯಲ್ಲಿ ತುರುಕಿಕೊಂಡಿದ್ದ. ದೊಡ್ಡ ಕಲ್ಲನ್ನು ಪ್ರಾಮಾಣಿಕವಾಗಿ ಯಜಮಾನನಿಗೆ ಒಪ್ಪಿಸಿದವನಿಗೆ ಸಿಗುತ್ತಿದ್ದುದು ಒಂದು ರುಮಾಲು ಬಟ್ಟೆ, ಅರ್ಧವೋ ಒಂದೋ ವರಹ, ಜೊತೆಗೆ ಅಕ್ಕಿ, ಸಕ್ಕರೆ. ಟಾವೆರ್ನಿಯರ್ ಇದನ್ನು ತಣ್ಣಗೆ ಬರೆದು ಮುಂದೆ ಹೋಗುತ್ತಾನೆ. ನಾನು ಪ್ರತಿ ಸಲ ಅಲ್ಲಿ ನಿಲ್ಲುತ್ತೇನೆ. ಕಳ್ಳತನ ಕಳ್ಳತನವೇ. ಆದರೆ ಆ ಕೂಲಿ ಗೊತ್ತುಮಾಡಿದವರ ಬಗ್ಗೆಯೂ ಒಂದು ಮಾತು ಬೇಕಿತ್ತು.

ದರ್ಬಾರಿನ ಕಟ್ಟಳೆ ಇದಕ್ಕಿಂತ ಬಿಗಿ. ಗೋಲ್ಕೊಂಡದ ಸುಲ್ತಾನನಿಗೆ ಏನಾದರೂ ಮಾರಬೇಕಾದರೆ ಮೊದಲು ಅವನ ಮಂತ್ರಿಯೂ ಸೇನಾಪತಿಯೂ ಆದ ಮೀರ್ ಜುಮ್ಲಾನಿಗೆ ತೋರಿಸಬೇಕು. 1652ರಲ್ಲಿ ಆತ ಇದ್ದದ್ದು ಹೊಸದಾಗಿ ಗೆದ್ದ ಗಂಡಿಕೋಟೆಯಲ್ಲಿ. ಟಾವೆರ್ನಿಯರ್ ಮುತ್ತಿನ ಗಂಟು ಹಿಡಿದು ಅಷ್ಟು ದೂರ ಹೋದ. ಇರಾನಿನ ಬಡ ಮನೆಯಲ್ಲಿ ಹುಟ್ಟಿ, ವಜ್ರದ ವ್ಯಾಪಾರಿಯ ಗುಮಾಸ್ತನಾಗಿ ಭಾರತಕ್ಕೆ ಬಂದು ಆ ಎತ್ತರಕ್ಕೇರಿದ ಮೀರ್ ಜುಮ್ಲಾ ಡೇರೆಯಲ್ಲಿ ಬರಿಗಾಲಲ್ಲಿ ಕೂತಿದ್ದ. ಕಾಲ್ಬೆರಳುಗಳ ಸಂದಿನಲ್ಲಿ ಕಾಗದಗಳು, ಎಡಗೈ ಬೆರಳುಗಳ ನಡುವೆ ಕಾಗದಗಳು. ಒಮ್ಮೆ ಕಾಲಿನಿಂದ, ಒಮ್ಮೆ ಕೈಯಿಂದ ಒಂದೊಂದನ್ನೇ ಎಳೆದು ಗುಮಾಸ್ತರಿಗೆ ಉತ್ತರ ಹೇಳಿ ಬರೆಸಿ, ತನ್ನೆದುರೇ ಮುದ್ರೆ ಹಾಕಿಸುತ್ತಿದ್ದ. ನಡುವೆ ಕೈದಿಗಳ ವಿಚಾರಣೆ ಬೇರೆ. ಅಂಥ ಕಚೇರಿಯಲ್ಲಿ ವ್ಯಾಪಾರಿ ಕಾಯಬೇಕಾದರೂ ಕಾಯಲು ಬೇಸರವಾಗದು ಎಂದು ನನಗನ್ನಿಸುತ್ತದೆ. ಗೋಲ್ಕೊಂಡಕ್ಕೆ ಮರಳಿದ ಮೇಲೆ ಅರಮನೆಯ ಅಧಿಕಾರಿಯೊಬ್ಬ ಬೆಲೆ ವಿಪರೀತವೆಂದ. ಮಾತಿಗೆ ಮಾತು ಬೆಳೆದು ಟಾವೆರ್ನಿಯರ್ ಸಿಟ್ಟಿನಿಂದ ಸೂರತ್ತಿನ ದಾರಿ ಹಿಡಿದ.

ಸೂರತ್ ಬಂದರಿನಲ್ಲಿ ಸರಕು ಇಳಿದೊಡನೆ ಕೋಟೆಯ ಪಕ್ಕದ ಸುಂಕದ ಕಟ್ಟೆಗೆ. ಮೈಯನ್ನೂ ಜಾಲಾಡುತ್ತಿದ್ದರು. ಖಾಸಗಿ ವರ್ತಕನಿಗೆ ಶೇಕಡಾ 4ರಿಂದ 5 ಸುಂಕ. ಇಂಗ್ಲಿಷ್, ಡಚ್ ಕಂಪನಿಗಳಿಗೆ ಅದಕ್ಕಿಂತ ಕಡಿಮೆ. ದೊಡ್ಡವರಿಗೆ ರಿಯಾಯಿತಿ ಎಂಬುದು ಇಂದಿನ ಹೊಸ ಆವಿಷ್ಕಾರವಲ್ಲ! ಟಾವೆರ್ನಿಯರ್ ಇದಕ್ಕೂ ಉಪಾಯ ಕಂಡುಕೊಂಡ. ಔರಂಗಜೇಬನ ಮಾವ ಶಾಯಿಸ್ತಾಖಾನನ ವಿಶ್ವಾಸ ಗಳಿಸಿ ಅವನಿಂದಲೇ ರಹದಾರಿ ಪಡೆದ. ಆ ಕಾಗದವನ್ನು ಎಷ್ಟು ಜೋಪಾನ ಮಾಡಿದನೆಂದರೆ, ಅದರ ನಕಲನ್ನು ತನ್ನ ಪುಸ್ತಕದಲ್ಲೇ ಸೇರಿಸಿದ. ಎಲ್ಲ ಕಡೆ ಈ ಜಾಣತನ ನಡೆಯಲಿಲ್ಲ. ಬಟಾವಿಯಾದಲ್ಲಿ ಡಚ್ ಕಂಪನಿಯ ನೌಕರರ ಸಂಬಳದ ಚೀಟಿಗಳನ್ನು ಅಗ್ಗಕ್ಕೆ ಕೊಂಡಿದ್ದ. ಕಂಪನಿ ಅವನ್ನು ಕಿತ್ತುಕೊಂಡಿತು. ಹಾಲೆಂಡಿಗೆ ಹೋಗಿ ದಾವೆ ಹೂಡಿದರೂ ಒಂದು ಭಾಗವಷ್ಟೇ ಕೈಗೆ ಬಂತು.

1665ರ ನವೆಂಬರಿನಲ್ಲಿ ಔರಂಗಜೇಬ ತನ್ನ ರತ್ನಗಳನ್ನು ಅವನಿಗೆ ತೋರಿಸಲು ಅಪ್ಪಣೆ ಕೊಟ್ಟ. ಒಂದೊಂದನ್ನೂ ಎಣಿಸಿ ಕೊಟ್ಟು, ಎಣಿಸಿ ವಾಪಸ್ ತೆಗೆದುಕೊಂಡರು. ಊರಿಗೆ ಮರಳಿದ ಮೇಲೆ ಫ್ರಾನ್ಸಿನ 14ನೇ ಲೂಯಿಗೆ ಸಾವಿರಕ್ಕೂ ಹೆಚ್ಚು ವಜ್ರ ಮಾರಿದ. ಅದರಲ್ಲಿ 112 ಕ್ಯಾರೆಟ್ ದಾಟಿದ ಒಂದು ನೀಲಿ ಕಲ್ಲಿತ್ತು. ಅದು ಕೊಲ್ಲೂರಿನದೆಂದು ಹೇಳುವುದು ವಾಡಿಕೆ, ಅವನು ಬರೆದಿಟ್ಟಿಲ್ಲ. ಎರಡು ಸಲ ಮರುಕತ್ತರಿಸಿಕೊಂಡು, ಒಮ್ಮೆ ಕಳುವಾಗಿ, ಈಗ ಹೋಪ್ ವಜ್ರ ಎಂಬ ಹೆಸರಿನಲ್ಲಿ 45.52 ಕ್ಯಾರೆಟ್ ಆಗಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ದೇವರ ವಿಗ್ರಹದ ಕಣ್ಣಿಂದ ಅದನ್ನು ಕದ್ದ, ಶಾಪ ತಟ್ಟಿ ನಾಯಿಗಳು ಅವನನ್ನು ಹರಿದು ತಿಂದವು ಎಂಬ ಕಥೆ ಮೊಬೈಲುಗಳಲ್ಲಿ ಓಡಾಡುತ್ತಿದೆ. ಅದನ್ನು ನಂಬಬೇಡಿ.

ರಾಜ ಅವನಿಗೆ ಶ್ರೀಮಂತ ಪದವಿ ಕೊಟ್ಟ. ಜಿನೀವಾ ಬಳಿಯ ಒಬಾನ್ ಎಂಬಲ್ಲಿ ಜಹಗೀರು ಕೊಂಡು ನೆಲೆಸಿ, 1676ರಲ್ಲಿ ಆರು ಯಾತ್ರೆಗಳ ಪುಸ್ತಕ ಹೊರತಂದ. ಬರವಣಿಗೆಗೆ ಇನ್ನೊಬ್ಬರ ನೆರವಿತ್ತು, ಕೇಳಿದ್ದೂ ಕಂಡದ್ದೂ ಅದರಲ್ಲಿ ಕಲಸಿಹೋಗಿವೆ. ಓದುವಾಗ ಎಚ್ಚರ ಬೇಕು. ಆದರೆ ಕಲ್ಲು, ತೂಕ, ಸುಂಕದ ಮಾತು ಬಂದಾಗ ಅವನು ಪಕ್ಕಾ ವ್ಯಾಪಾರಿ.

ಅವನು ಪ್ರಾಟೆಸ್ಟೆಂಟ್. 1685ರಲ್ಲಿ ಅದೇ ಲೂಯಿ ಆ ಪಂಥದವರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ರದ್ದುಮಾಡಿದ. ಹೊತ್ತಿಗೆ ಒಬಾನ್ ಕೈಬಿಟ್ಟಿತ್ತು. ಬ್ರಾಂಡೆನ್‌ಬರ್ಗಿನ ದೊರೆ ಭಾರತದ ವ್ಯಾಪಾರಕ್ಕೆ ಅವನ ನೆರವು ಬಯಸಿದ್ದ. ಎಂಬತ್ತು ದಾಟಿದ ಮುದುಕ ಮತ್ತೆ ಪೂರ್ವಕ್ಕೆ ಮುಖಮಾಡಿದ, ಈ ಸಲ ರಷ್ಯಾದ ದಾರಿಯಿಂದ. 1689ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ. ಅಲ್ಲಿನ ಪ್ರಾಟೆಸ್ಟೆಂಟ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು.