ಕಾಲ್ಚೆಂಡಾಟದ ಗುರು ರಹೀಂ ಸಾಹೇಬರು

ನಮ್ಮ ಕಾಚಿಗುಡದ ಮಾಧ್ಯಮಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯರೊಬ್ಬರು ಮುಂದೆ ಭಾರತದ ಕಾಲ್ಚೆಂಡಾಟದ ತಂಡವನ್ನು ಏಷ್ಯಾ ಖಂಡದ ಅಗ್ರಸ್ಥಾನಕ್ಕೆ ಎರಡು ಬಾರಿ ಒಯ್ದರೆಂಬ ಸಂಗತಿಯನ್ನು ಈ ನಗರದ ಬಾಲಕರಲ್ಲಿ ಎಷ್ಟು ಮಂದಿ ಬಲ್ಲರು? ಆ ಮಹನೀಯರೇ ಸೈಯದ್ ಅಬ್ದುಲ್ ರಹೀಂ. ಹೈದರಾಬಾದಿನ ಜನ ಅವರನ್ನು ಪ್ರೀತಿಯಿಂದ ರಹೀಂ ಸಾಹೇಬರೆಂದು ಕರೆಯುತ್ತಿದ್ದರು.

ರಹೀಂ ಅವರು 1909ನೆಯ ಇಸವಿ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುವಾಗಲೇ ಕಾಲ್ಚೆಂಡಾಟದಲ್ಲಿ ಹೆಸರು ಗಳಿಸಿದ್ದರು. ಪದವಿಯನ್ನು ಪಡೆದ ಮೇಲೆ ಅವರು ಹಿಡಿದದ್ದು ಉಪಾಧ್ಯಾಯ ವೃತ್ತಿಯನ್ನು. ಕಾಚಿಗುಡದ ಶಾಲೆಯ ನಂತರ ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರಘಾಟ್ ಪ್ರೌಢಶಾಲೆ ಎಂದು ಹಲವೆಡೆ ಕೆಲಸ ಮಾಡಿದರು. ನಡುವೆ ವ್ಯಾಯಾಮ ಶಿಕ್ಷಣದ ಡಿಪ್ಲೊಮವನ್ನೂ ಪಡೆದು, ತರಗತಿಯ ಕೋಣೆಯಿಂದ ಆಟದ ಬಯಲಿಗೆ ತಮ್ಮ ಉಪಾಧ್ಯಾಯತನವನ್ನು ವಿಸ್ತರಿಸಿಕೊಂಡರು. ವೃತ್ತಿ ಬದಲಾಯಿತೆಂದು ಹೇಳುವುದಕ್ಕಿಂತ ಶಾಲೆಯೇ ದೊಡ್ಡದಾಯಿತೆನ್ನುವುದು ನನಗೆ ಸರಿಯೆನಿಸುತ್ತದೆ.

1940ರ ದಶಕದ ಮೊದಲ ವರ್ಷಗಳಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿಸ್ಥಾನ ಅವರ ಪಾಲಿಗೆ ಬಂದಿತು. ಅಂತಹ ಸಂಘಗಳ ಕಾರ್ಯದರ್ಶಿಯಾಗುವುದೆಂದರೆ ಆ ಕಾಲದಲ್ಲಿ ಹಣದ ಲಾಭವಿರಲಿಲ್ಲ. ಪಂದ್ಯಗಳನ್ನು ಗೊತ್ತುಮಾಡುವುದು, ಜಗಳಗಳನ್ನು ತೀರಿಸುವುದು, ಬಡ ಹುಡುಗರನ್ನು ಹುಡುಕಿ ತರುವುದು, ಇವೇ ಅದರ ಸಂಪಾದನೆ. ರಹೀಂ ಅವರು ಆ ಹೊಣೆಯನ್ನು ಸಾಯುವ ತನಕ ಕೆಳಗಿಳಿಸಲಿಲ್ಲ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯೂ ಅವರ ಕೈಸೇರಿತು. ಆ ವರ್ಷದಿಂದ 1954ರವರೆಗೆ ಸತತವಾಗಿ ಐದು ಸಲ ಮುಂಬಯಿಯ ರೋವರ್ಸ್ ಕಪ್ಪನ್ನು ಪೊಲೀಸ್ ತಂಡ ಗೆದ್ದು ತಂದಿತು. ಕಲಕತ್ತೆಯ ದೊಡ್ಡ ದೊಡ್ಡ ತಂಡಗಳೇ ಕಾಲ್ಚೆಂಡಾಟದ ಒಡೆಯರೆಂಬ ನಂಬಿಕೆ ದೇಶದಲ್ಲಿದ್ದ ದಿನಗಳವು. 1956 ಮತ್ತು 1957ರಲ್ಲಿ ಹೈದರಾಬಾದು ಸಂತೋಷ್ ಟ್ರೋಫಿಯನ್ನೂ ಗೆದ್ದಿತು.

ಅವರ ಪಾಠಕ್ರಮ ವಿಶಿಷ್ಟವಾಗಿತ್ತು. ಬಲಗಾಲಿನವನು ಎಡಗಾಲಿನಿಂದಲೇ, ಎಡಗಾಲಿನವನು ಬಲಗಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ನಿಯಮವಿಟ್ಟು ಪಂದ್ಯಾವಳಿಗಳನ್ನೇ ನಡೆಸುತ್ತಿದ್ದರು! ಬರೆಯುವ ಕೈಯನ್ನು ಕಟ್ಟಿಹಾಕಿ ಇನ್ನೊಂದು ಕೈಯಿಂದ ಕಾಪಿ ಬರೆಸಿದರೆ ಹೇಗಿರುತ್ತದೆಂದು ಊಹಿಸಿ ನೋಡಿರಿ. ಮೊದಲು ನಗೆಪಾಟಲಾದರೂ ಕ್ರಮೇಣ ಆಟಗಾರನಿಗೆ ಎರಡು ಕಾಲುಗಳೂ ಸಮನಾಗುತ್ತಿದ್ದವು. ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಕುಣಿಯುವವನನ್ನು ಅವರು ಮೆಚ್ಚುತ್ತಿರಲಿಲ್ಲ. ಕೂಡಲೇ ಜೊತೆಗಾರನಿಗೆ ಸಾಗಿಸಬೇಕೆಂಬುದು ಅವರ ಪಾಠ. ಸಿಕಂದರಾಬಾದಿನ ಬಡ ಮನೆಯ ಹುಡುಗ ತುಳಸೀದಾಸ್ ಬಲರಾಮನ ಆಟವನ್ನು ಅವರು ಮೆಚ್ಚಿದರು. ಅಷ್ಟು ದೂರದಿಂದ ಅಭ್ಯಾಸಕ್ಕೆ ಬರಲು ಅವನ ಬಳಿ ಹಣವಿಲ್ಲದಿರಲು ಸೈಕಲ್ಲಿಗೆ ತಾವೇ ಏರ್ಪಾಡು ಮಾಡಿದರೆಂದು ಹೇಳುತ್ತಾರೆ. ಆ ಹುಡುಗ ಎರಡು ಒಲಿಂಪಿಕ್ ಕ್ರೀಡೆಗಳಲ್ಲಿ ಆಡಿದನು.

1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡೆಗಳಲ್ಲಿ ರಹೀಂ ಅವರ ತಂಡ ಇರಾನನ್ನು 1-0ರಿಂದ ಸೋಲಿಸಿ ಸ್ವರ್ಣಪದಕ ಪಡೆಯಿತು. ಬೆಂಗಳೂರಿನ ಅಹಮದ್ ಖಾನರು ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿಯಲ್ಲಾದುದು ಘೋರ ಪರಾಭವ: ಯುಗೊಸ್ಲಾವಿಯದ ಎದುರು 1-10. ನಮ್ಮವರಲ್ಲಿ ಅನೇಕರು ಚಳಿಯ ನಾಡಿನಲ್ಲಿಯೂ ಬರಿಗಾಲಿನಲ್ಲಿ ಆಡಿದ್ದರು. ಅಂದಿನ ಭಾರತದ ಒಂದೇ ಗೋಲು ಆ ಅಹಮದ್ ಖಾನರದು. ಅನಂತರವೇ ನಮ್ಮವರಿಗೆ ಬೂಟು ಕಡ್ಡಾಯವಾಯಿತು. ನಾಲ್ಕು ವರ್ಷ ಕಳೆಯುವುದರೊಳಗೆ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ, ಅದೇ ಗುರುವಿನ ತಂಡ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿ ನಾಲ್ಕನೆಯ ಸ್ಥಾನ ಪಡೆಯಿತು. ನೆವಿಲ್ ಡಿಸೋಜರು ಆ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಬೆಂಗಳೂರಿನ ಕೆಂಪಯ್ಯನವರೂ ಆ ತಂಡದವರೇ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೊಡನೆ 1-1ರ ಸಮಬಲವಾಯಿತಾದರೂ ಮುಂದಿನ ಸುತ್ತಿಗೆ ಹೋಗಲಾಗಲಿಲ್ಲ.

ಅಷ್ಟರಲ್ಲಿ ರಹೀಂ ಅವರ ಶರೀರವನ್ನು ಶ್ವಾಸಕೋಶದ ಅರ್ಬುದರೋಗ ಹಿಡಿದಿತ್ತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಿಗೆ ತಂಡದೊಡನೆ ಹೊರಟಾಗ ಅವರ ದೇಹದಲ್ಲಿ ಮೊದಲಿನ ಶಕ್ತಿಯಿರಲಿಲ್ಲ. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯದ ಎದುರು 0-2ರ ಸೋಲು. ಥೈಲೆಂಡನ್ನು ಗೆದ್ದ ಪಂದ್ಯದಲ್ಲಿ ಹಿಂಬದಿಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಯೊಡೆದು ಹೊಲಿಗೆ ಹಾಕಬೇಕಾಯಿತು. ಬೇರೆ ಗುರುವಾಗಿದ್ದರೆ ಅವರನ್ನು ಹೊರಗೆ ಕೂರಿಸುತ್ತಿದ್ದರು. ರಹೀಂ ಅವರು, ಜರ್ನೈಲರು ಹಿಂದೊಮ್ಮೆ ಮುಂಚೂಣಿಯಲ್ಲಿ ಆಡಿದವರೆಂಬುದನ್ನು ನೆನೆದು, ಉಪಾಂತ್ಯ ಪಂದ್ಯದಲ್ಲಿ ತಲೆಗೆ ಪಟ್ಟಿ ಕಟ್ಟಿದ ಅವರನ್ನು ಮುಂದಕ್ಕೆ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮಿನ ಮೇಲೆ ಭಾರತ 3-2ರಿಂದ ಗೆದ್ದಿತು. ಅದರಲ್ಲೊಂದು ಗೋಲು ಜರ್ನೈಲರದೇ.

ಅಂತಿಮ ಪಂದ್ಯ ಸೆಪ್ಟೆಂಬರ್ 4ರಂದು. ಎದುರಾಳಿ ಮತ್ತೆ ಕೊರಿಯ. ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ, ಬಹುಪಾಲು ನಮ್ಮ ವಿರುದ್ಧ. ಇಸ್ರೇಲ್ ಮತ್ತು ತೈವಾನಿನ ಕ್ರೀಡಾಪಟುಗಳನ್ನು ಇಂಡೋನೇಷ್ಯ ಬರಗೊಡದಿದ್ದುದನ್ನು ಭಾರತದ ಜಿ. ಡಿ. ಸೋಂಧಿಯವರು ಪ್ರತಿಭಟಿಸಿದ್ದರಿಂದ ಅಲ್ಲಿಯ ಜನ ಕೆರಳಿದ್ದರು. ಆ ಸಿಟ್ಟಿನ ಫಲವನ್ನು ಅನುಭವಿಸಬೇಕಾದವರು ಆಟಗಾರರು! ಇಡೀ ಕ್ರೀಡಾಂಗಣದಲ್ಲಿ ನಮಗಾಗಿ ಕೂಗಿದವರು ಪಾಕಿಸ್ತಾನದ ಹಾಕಿ ತಂಡದವರು ಎಂಬುದು ಸ್ಮರಣೀಯ. ಪಂದ್ಯಕ್ಕೆ ಮುನ್ನ ರಹೀಂ ಅವರು ಶಿಷ್ಯರನ್ನು ಕರೆದು, ತಮಗೆ ಈ ಚಿನ್ನವನ್ನು ಕಾಣಿಕೆಯಾಗಿ ಕೊಡಬೇಕೆಂದು ಕೇಳಿಕೊಂಡರಂತೆ. ಪಿ. ಕೆ. ಬ್ಯಾನರ್ಜಿ 17ನೆಯ ನಿಮಿಷದಲ್ಲಿ ಮೊದಲ ಗೋಲು ಹೊಡೆದರು. ಮೂರು ನಿಮಿಷಗಳಲ್ಲಿ ಜರ್ನೈಲರು ಎರಡನೆಯದನ್ನು. ಕೊನೆಗೆ ಕೊರಿಯ ಒಂದನ್ನು ಹಿಂದಿರುಗಿಸಿದರೂ ಚುನಿ ಗೋಸ್ವಾಮಿಯವರ ಹುಡುಗರು 2-1ರಿಂದ ಗೆದ್ದರು. ಕಾಲ್ಚೆಂಡಾಟದಲ್ಲಿ ಏಷ್ಯನ್ ಸ್ವರ್ಣ ಭಾರತಕ್ಕೆ ಆಮೇಲೆ ಮತ್ತೆ ಬಂದಿಲ್ಲ.

ರಹೀಂ ಅವರು ಹೈದರಾಬಾದಿಗೆ ಮರಳಿ ಹಾಸಿಗೆ ಹಿಡಿದರು. 1963ರ ಜೂನ್ 11ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡರು. ಬಹಳ ವರ್ಷ ಅವರ ಹೆಸರು ಹಳೆಯ ಆಟಗಾರರ ಮಾತಿನಲ್ಲಷ್ಟೇ ಉಳಿದಿತ್ತು. 2024ರಲ್ಲಿ ಅವರ ಜೀವನವನ್ನಾಧರಿಸಿ ಮೈದಾನ್ ಎಂಬ ಹಿಂದೀ ಚಲನಚಿತ್ರ ತೆರೆಗೆ ಬಂದ ಮೇಲೆ ಹೊಸಬರೂ ಕೇಳತೊಡಗಿದರು. ಅವರ ಮಗ ಸೈಯದ್ ಶಾಹಿದ್ ಹಕೀಂ ಅವರೂ ರೋಮಿಗೆ ಹೋದ ಒಲಿಂಪಿಕ್ ತಂಡದಲ್ಲಿದ್ದು, ಮುಂದೆ ತರಬೇತುದಾರರಾಗಿ ತಂದೆಯ ಹಾದಿಯಲ್ಲಿ ನಡೆದರು. 2021ರ ಆಗಸ್ಟಿನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.